ನೀಲಿ ನೋಟ್‌ಬುಕ್ಕಿನ ಹದಿನಾಲ್ಕನೆಯ ಹೆಸರು

ನಾನು ಹುಟ್ಟಾ ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಇವಳು ಭಾರಿ ಗಟ್ಟಿಗಿತ್ತಿ ಎಂದು ಯಾರೂ ತಪ್ಪು ತಿಳಿಯುವುದು ಬೇಡ. ಗದಗಿನಲ್ಲಿದ್ದಾಗ ಪೋಸ್ಟ್‌ಮ್ಯಾನ್ ರಿಜಿಸ್ಟರ್ಡ್ ಪತ್ರ ತಂದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮಸ್ಕತ್ತಿಗೆ ಬಂದ ಮೇಲೆ ಪೋಸ್ಟ್‌ಮ್ಯಾನ್ ಜಾಗಕ್ಕೆ ಪೊಲೀಸ್ ಗಾಡಿ ಬಂತು, ಅಷ್ಟೇ ವ್ಯತ್ಯಾಸ.

ಎಣ್ಣೆಯ ಬೆಲೆ ನೆಲಕಚ್ಚಿದ ಆ ವರ್ಷಗಳಲ್ಲಿ ನಮ್ಮ ಕಂಪನಿಯಲ್ಲಿ ಕೆಲಸ ಕಳೆದುಕೊಂಡವರ ಪಟ್ಟಿ ಗುರುವಾರ ಊಟದ ಹೊತ್ತಿನ ನಂತರ ಬರುತ್ತಿತ್ತು. ಮೂರನೆಯ ಗುರುವಾರದ ಪಟ್ಟಿಯಲ್ಲಿ ನಾನಿದ್ದೆ. ನಾನು ಅಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಒಂದು ನಕ್ಷೆ ಕಚೇರಿಗೆ ಬಂದರೆ ಅದಕ್ಕೊಂದು ಸಂಖ್ಯೆ ಕೊಡಬೇಕು, ತಿದ್ದುಪಡಿಯಾದರೆ ರಿವಿಷನ್ ಸಂಖ್ಯೆ ಏರಿಸಬೇಕು, ಯಾರ ಕೈಗೆ ಹೋಯಿತು, ಯಾವಾಗ ಮರಳಿತು ಎಂದು ದಾಖಲಿಸಬೇಕು. ಹಳೆಯದನ್ನು ಹರಿದು ಹಾಕುವ ಹಾಗಿಲ್ಲ. ಅದರ ಮೇಲೆ ರದ್ದು ಎಂದು ಮುದ್ರೆಯೊತ್ತಿ ಹಾಗೇ ಇಡಬೇಕು. ಹನ್ನೊಂದು ವರ್ಷ ಇದನ್ನೇ ಮಾಡಿದ ಮೇಲೆ ಮನೆಯ ಮಸಾಲೆ ಡಬ್ಬಿಗಳಿಗೂ ನಂಬರು ಅಂಟಿಸುವ ಚಟ ಹತ್ತಿತ್ತು. ಕೆಲಸ ಹೋಯಿತು, ಚಟ ಉಳಿಯಿತು.

ಕಂಪನಿಯ ವೀಸಾ ರದ್ದಾದ ಮೇಲೆ ನಾನು ನಮ್ಮವರ ವೀಸಾಕ್ಕೆ ಸೇರಿಕೊಂಡೆ. ಹಾಗೆ ಸೇರಿಕೊಂಡವರು ಬೇರೆ ಕಡೆ ಕೆಲಸ ಮಾಡುವಂತಿಲ್ಲ. ಇದು ಗೊತ್ತಿದ್ದೂ, ಅಲ್ ಹೈಲ್‌ನಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿದ್ದ ಒಬ್ಬ ಫ್ರೆಂಚ್ ಮುದುಕಿ ಐದು ವಾರದ ಮಟ್ಟಿಗೆ ಕಾಗದ ಜೋಡಿಸಿಕೊಡಲು ಕರೆದಾಗ ಹೋದೆ. ಖಾಲಿ ಕೂತು ತಲೆ ಕೆಟ್ಟಿತ್ತು.

“ನೋಡು, ಯಾರಿಗಾದ್ರೂ ಗೊತ್ತಾತಂದ್ರ ನಿಂದಷ್ಟ ಅಲ್ಲ, ನನ್ನ ವೀಸಾನೂ ಹೋಗ್ತದ,” ಎಂದರು ನಮ್ಮವರು.

“ಗೆಳತಿ ಮನಿಗೆ ಹೋಗೀನಿ ಅಂತ ತಿಳ್ಕೋರಿ,” ಎಂದೆ. ದಿನಾ ಆ ಗೇಟು ತೆಗೆಯುವಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಯೇ ಒಳಗೆ ಹೋಗುತ್ತಿದ್ದೆ.

ಮೇಡಂ ಎಪ್ಪತ್ತು ದಾಟಿದವರು. ಫ್ರಾನ್ಸಿನ ವಿದೇಶಾಂಗ ಸೇವೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಿಯಾದ ಮೇಲೆ ಒಂದು ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತಾ ಓಮಾನಿನಲ್ಲೇ ಉಳಿದಿದ್ದರು. ಹೆಂಗಸರ ಹಕ್ಕಿನ ಬಗ್ಗೆ ಆರು ಪುಸ್ತಕ ಬರೆದಿದ್ದರು. ದುಡ್ಡಿಲ್ಲದ ಕಾಲದಲ್ಲಿ ಕಾಲೇಜು ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ. ರೆಸಿಡೆಂಟ್ ಕಾರ್ಡು ಮುಗಿಯಲು ಐದು ವಾರ ಬಾಕಿ ಇತ್ತು. ಅಷ್ಟರಲ್ಲಿ ಇಡೀ ಜೀವಮಾನದ ಕಾಗದಗಳನ್ನು ಪೆಟ್ಟಿಗೆಗೆ ತುಂಬಿ, ಅವರ ಹುಟ್ಟೂರಿನ ಒಂದು ಗ್ರಂಥಾಲಯಕ್ಕೆ ಕಳಿಸಬೇಕಿತ್ತು. ಗ್ರಂಥಾಲಯದವರು ಹದಿನಾಲ್ಕು ಪುಟದ ನಿಯಮಾವಳಿ ಕಳಿಸಿದ್ದರು. ಅದನ್ನು ಕಂಡು ನನಗೆ ತವರಿನವರನ್ನು ಕಂಡಷ್ಟು ಸಂತೋಷವಾಯಿತು.

ಕೆಲಸವನ್ನು ನಾಲ್ಕು ಭಾಗ ಮಾಡಿದೆ: ಬಾಲ್ಯ ಮತ್ತು ಮನೆ, ಕಚೇರಿ, ಪುಸ್ತಕಗಳ ಹಸ್ತಪ್ರತಿ, ಪತ್ರಗಳು. ಪ್ರತಿ ಹಾಳೆಯ ಬಲಮೇಲ್ತುದಿಗೆ ಪೆನ್ಸಿಲಿನಲ್ಲಿ ಸಂಖ್ಯೆ, ಪೆನ್ನು ಕೂಡದು. ಸಮುದ್ರದ ಗಾಳಿಗೆ ಟಾಚಣಿಗಳು, ಅಂದರೆ ಸ್ಟೇಪ್ಲರ್ ಪಿನ್ನುಗಳೆಲ್ಲ, ತುಕ್ಕು ಹಿಡಿದು ಕಾಗದಕ್ಕೆ ಕಚ್ಚಿಕೊಂಡಿದ್ದವು. ಅವನ್ನು ಎಳೆದರೆ ಕಾಗದವೇ ಹರಿಯುತ್ತದೆ. ಹಿಂದಿನಿಂದ ತೆಳುವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಒಂದೊಂದೇ ಕಾಲು ಬಿಡಿಸಬೇಕು. ರಬ್ಬರ್ ಬ್ಯಾಂಡುಗಳು ಕರಗಿ ಬೆಲ್ಲದ ಪಾಕದಂತೆ ಅಂಟಿಕೊಂಡಿದ್ದವು. ಒಂದು ದಿನಕ್ಕೆ ಇನ್ನೂರು ಹಾಳೆ ಎಂದು ಲೆಕ್ಕ ಹಾಕಿದ್ದವಳು ಮೊದಲ ವಾರ ಎಂಬತ್ತನ್ನು ದಾಟಲಿಲ್ಲ.

ಎರಡನೆಯ ವಾರ ಎಸಿಯ ನೀರು ಗೋಡೆಯೊಳಗಿಂದ ಸೋರಿ, ಮೇಡಂ ತಾಯಿಯ ಪತ್ರಗಳಿದ್ದ ಪೆಟ್ಟಿಗೆ ತೊಯ್ದಿತು. ನಾನು ಅಳುವುದೊಂದು ಬಾಕಿ. ಬಿಸಿಲಿಗೆ ಹಾಕಿದರೆ ಕಾಗದ ಸೊಟ್ಟಗಾಗುತ್ತದೆ, ಇಸ್ತ್ರಿ ಹಾಕಿದರೆ ಶಾಯಿ ಹರಡುತ್ತದೆ. ಅಡುಗೆಮನೆಯ ಟಿಶ್ಯೂ ಕಾಗದವನ್ನು ಹಾಳೆಹಾಳೆಯ ನಡುವೆ ಇಟ್ಟು, ಮೇಲೆ ನಿಘಂಟುಗಳ ಭಾರ ಹೇರಿ, ತಾಸಿಗೊಮ್ಮೆ ಟಿಶ್ಯೂ ಬದಲಿಸುತ್ತಾ ಮೂರು ದಿನ ಕಳೆದೆವು. ಹಾಗೆ ಬದಲಿಸುವಾಗ ಮೇಡಂ ಒಂದು ಲಕೋಟೆಯನ್ನು ನನ್ನ ಮುಂದೆ ಹಿಡಿದು, ಎಂದಿನಂತೆ ಇಂಗ್ಲಿಷಿನಲ್ಲಿ ಹೇಳಿದರು.

“ಇದರ ಮೇಲೆ ನನ್ನ ಅಮ್ಮನ ಹೆಸರು ಎಲ್ಲಿದೆ, ಹುಡುಕು.”

ಅಲ್ಲಿದ್ದದ್ದು ಅವರ ಅಪ್ಪನ ಪೂರ್ತಿ ಹೆಸರು, ಅದರ ಮುಂದೆ ಶ್ರೀಮತಿ ಎಂಬ ಒಂದು ಮಾತು.

“ಅಮ್ಮ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದಾಗ ಗಂಡನ ಒಪ್ಪಿಗೆ ತಾ ಎಂದು ವಾಪಸ್ ಕಳಿಸಿದರು. ನಾನು ಅವಳ ಕೈ ಹಿಡಿದು ನಿಂತಿದ್ದೆ. ನನಗೆ ಹತ್ತು ವರ್ಷ. ನಾನು ಬರೆದ ಆರೂ ಪುಸ್ತಕ ಆ ಕೌಂಟರಿನ ಮುಂದೆ ಹುಟ್ಟಿದವು.”

ಅವರ ಜೀವನ ನನಗೆ ಹೀಗೆ ಹಾಳೆಹಾಳೆಯಾಗಿ ಸಿಕ್ಕಿತು. ಪರೀಕ್ಷೆಯಲ್ಲಿ ಪಾಸಾಗಿ ಸೇವೆಗೆ ಸೇರಿದಾಗ ಅವರ ತಂಡದಲ್ಲಿ ಹೆಂಗಸರು ಇಬ್ಬರೇ. ಜೊತೆಯ ಗಂಡಸರು ಒಪ್ಪಂದಗಳ ಕರಡು ಬರೆಯುತ್ತಿದ್ದರೆ ಇವರು ವೀಸಾಕ್ಕೆ ಮುದ್ರೆಯೊತ್ತುತ್ತಿದ್ದರು. ರಾಯಭಾರಿಗಳ ಹೆಂಡಂದಿರು ಸಂಬಳವಿಲ್ಲದೆ ಮಾಡುವ ಔತಣ, ಆತಿಥ್ಯಗಳ ಬಗ್ಗೆ ಮೊದಲ ಪುಸ್ತಕ ಬರೆದ ಮೇಲೆ ದೂರದೂರದ ಸಣ್ಣ ಕಚೇರಿಗಳಿಗೆ ಎತ್ತಂಗಡಿಯಾಗುತ್ತಾ ಹೋಯಿತು. ಒಂದು ಮದುವೆ, ಒಂದು ವಿಚ್ಛೇದನ, ಮಕ್ಕಳಿಲ್ಲ. ಅವರು ಎಲ್ಲವನ್ನೂ ನಗುತ್ತಲೇ ಹೇಳುತ್ತಿದ್ದರು. ಇಷ್ಟು ನಿರ್ಭಯವಾಗಿ ಬದುಕಿದವರ ಪಕ್ಕದಲ್ಲಿ ಕೂತು ಟಾಚಣಿ ಕೀಳುವಾಗ ನನ್ನ ಬಗ್ಗೆ ನನಗೆ ನಾಚಿಕೆಯಾಗುತ್ತಿತ್ತು.

ಮೂರನೆಯ ವಾರದ ಕೊನೆಗೆ, ಮಂಚದ ಕೆಳಗಿನ ಸೂಟ್‌ಕೇಸಿನಿಂದ ಅವರು ಒಂದು ನೀಲಿ ನೋಟ್‌ಬುಕ್ಕು ತೆಗೆದರು. ಗಟ್ಟಿ ರಟ್ಟಿನ, ದಾರದ ಹೊಲಿಗೆಯ ಪುಸ್ತಕ. ನಿವೃತ್ತಿಯ ನಂತರದ ಮೊದಲ ಕೆಲವು ವರ್ಷಗಳಲ್ಲಿ ಕೆಲಸದ ಮನೆಗಳಿಂದ ತಪ್ಪಿಸಿಕೊಂಡು ಬಂದು, ಅವರ ಮನೆಯಲ್ಲಿ ಆಸರೆ ಪಡೆದ ಹದಿನಾಲ್ಕು ಹೆಂಗಸರ ವಿವರ ಅದರಲ್ಲಿತ್ತು. ಒಬ್ಬೊಬ್ಬರಿಗೆ ಒಂದೊಂದು ಹಾಳೆ: ಹೆಸರು, ಊರು, ಬಂದ ದಿನ, ಮೈಮೇಲಿನ ಗಾಯ, ಕರೆತಂದ ಟ್ಯಾಕ್ಸಿಯವನು ಯಾರು. ವಿವರವೆಲ್ಲ ಫ್ರೆಂಚಿನಲ್ಲಿ. ಬಿಟ್ಟು ಬಂದ ಮನೆಯ ಯಜಮಾನನ ಹೆಸರು ಮತ್ತು ಇಲ್ಲಿನ ಊರುಗಳು ಮಾತ್ರ ದುಂಡಗಿನ ಅರಬ್ಬಿ ಅಕ್ಷರಗಳಲ್ಲಿ.

ಹದಿಮೂರು ಪುಟಗಳ ಕೆಳಗೆ ‘ಮನೆ ತಲುಪಿದಳು’ ಎಂದಿತ್ತು. ಹದಿನಾಲ್ಕನೆಯದರ ಕೆಳಗೆ ಇರಲಿಲ್ಲ. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳಬೇಕೆಂದರೆ ಹದಿಮೂರು ಕ್ಲೋಸ್ಡ್, ಒಂದು ಓಪನ್.

“ಇವಳು ಇನ್ನೂ ಇಲ್ಲೇ ಇದ್ದಾಳೆ,” ಎಂದರು ಮೇಡಂ. “ಲಕ್ಷ್ಮಿ. ಒಂಬತ್ತು ವರ್ಷದ ಹಿಂದೆ ರುಸ್ತಾಕ್‌ನ ಒಂದು ಮನೆಯಿಂದ ಓಡಿಬಂದಳು. ಈಗ ಸಹಮ್‌ನಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ನಿನ್ನ ಕಡೆಯವಳೇ ಇರಬೇಕು.”

ಅವಳ ಊರಿನ ಹೆಸರನ್ನು ಕೂಡಿಸಿ ಕೂಡಿಸಿ ಓದಿದೆ. ಗಂಗಾವತಿ. ನಮ್ಮ ಅತ್ತಿಗೆಯ ತವರು. ಕಫೀಲ್‌ನ, ಅಂದರೆ ವೀಸಾ ಕೊಟ್ಟ ಯಜಮಾನನ, ಮನೆಬಿಟ್ಟು ಓಡಿದವಳ ಮೇಲೆ ದೂರು ಬಿದ್ದಿರುತ್ತದೆ. ಪಾಸ್‌ಪೋರ್ಟು ಆ ಮನೆಯಲ್ಲೇ ಉಳಿದಿರುತ್ತದೆ. ಈ ಪುಟ ಯಾರ ಕೈಗಾದರೂ ಸಿಕ್ಕರೆ ಅವಳು ಜೈಲಿಗೆ, ಅವಳಿಗೆ ಕೆಲಸ ಕೊಟ್ಟವರೂ ಜೈಲಿಗೆ.

“ಹೆಸರು ತೆಗೆದು ಕಳಿಸೋಣ ಮೇಡಂ. ಬರೀ ಒಂದು ಅಕ್ಷರ ಹಾಕೋಣ.”

ಅವರು ಮೊದಲ ಸಲ ನನ್ನ ಮೇಲೆ ಸಿಟ್ಟಾದರು. “ಹೆಸರಿಲ್ಲದ ಹೆಂಗಸರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಮನೆಗೆಲಸದವಳು, ಅಡುಗೆಯವಳು, ಇಂಥವರ ಹೆಂಡತಿ. ನಾನು ಹೆಸರು ಬರೆದಿದ್ದೇನೆ. ಅದಷ್ಟೇ ನಾನು ಮಾಡಿದ ಕೆಲಸ.”

ಆ ವಾರ ಅವರ ಮನೆ ಸಾಮಾನು ಮಾರಾಟ ನಡೆದಿತ್ತು. ಫ್ರಿಜ್ ನೋಡಲು, ಸೋಫಾ ನೋಡಲು ಬೆಳಗಿನಿಂದ ಅಪರಿಚಿತರು ಕೋಣೆಕೋಣೆ ನುಗ್ಗುತ್ತಿದ್ದರು. ಎರಡು ದಿನ ಇದು ನಿನ್ನ ಮನೆಯಲ್ಲಿರಲಿ ಎಂದು ಮೇಡಂ ನೋಟ್‌ಬುಕ್ಕನ್ನು ನನ್ನ ಕೈಗಿತ್ತರು. ಬೇಡ ಎನ್ನಲು ಬಾಯಿ ಬರಲಿಲ್ಲ.

ಮನೆಗೆ ತಂದವಳು ಅದನ್ನು ಕಣ್ಣಿಗೆ ಬೀಳದಂತೆ ಮಾಡಬೇಕೆಂದು ಹಳೆಯ ಪೇಪರಿನಲ್ಲಿ ಸುತ್ತಿ, ಕಂದು ಟೇಪು ಬಿಗಿದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಪಾಟಿನಲ್ಲಿಟ್ಟೆ. ಇಲ್ಲೇ ನಾನು ಎಡವಿದ್ದು. ಕೊಲ್ಲಿಯಲ್ಲಿ ನೆಲೆಸಿದ ನಮ್ಮ ಜನಕ್ಕೆ ಒಂದು ಪದ್ಧತಿಯಿದೆ. ಕಟ್ಟಡದಲ್ಲಿ ಯಾರೇ ಊರಿಗೆ ಹೊರಟರೂ ಉಳಿದವರೆಲ್ಲ ಒಂದೊಂದು ಕಟ್ಟು ಕೊಟ್ಟು ಕಳಿಸುತ್ತೇವೆ: ಅಮ್ಮನ ಮೊಣಕಾಲಿಗೆ ಎಣ್ಣೆ, ಅಪ್ಪನಿಗೆ ಖರ್ಜೂರ, ತಂಗಿಗೆ ಹಾಲಿನ ಪುಡಿ. ಎಲ್ಲ ಕಟ್ಟುಗಳೂ ಹಳೆ ಪೇಪರು, ಕಂದು ಟೇಪು, ಪ್ಲಾಸ್ಟಿಕ್ ಚೀಲದವೇ. ಬೇರೆ ಥರ ಸುತ್ತಲು ನನ್ನ ಕೈಗೆ ಬರುವುದೇ ಇಲ್ಲ. ಅದೇ ಕಪಾಟಿನಲ್ಲಿ ಅವ್ವನಿಗೆ ಕಳಿಸಬೇಕಾದ ಎಣ್ಣೆ, ಖರ್ಜೂರದ ಕಟ್ಟೂ ಇತ್ತು.

ಮರುದಿನ ಮೇಲಿನ ಮನೆಯ ಉಡುಪಿ ಅಕ್ಕ ಮಧ್ಯಾಹ್ನದ ವಿಮಾನಕ್ಕೆ ಮಂಗಳೂರಿಗೆ ಹೊರಟಿದ್ದರು. ಅವರ ಅಕ್ಕನ ಮಗ ಹುಬ್ಬಳ್ಳಿಯಲ್ಲಿದ್ದುದರಿಂದ ನಮ್ಮ ಕಟ್ಟುಗಳು ಅವರ ಕೈಯಲ್ಲೇ ಹೋಗುತ್ತಿದ್ದವು. ನಾನು ಮೇಡಂ ಮನೆಯಿಂದ ಊಟಕ್ಕೆ ಬಂದು ಕಪಾಟು ತೆಗೆದರೆ ಎರಡೂ ಇಲ್ಲ. ನಮ್ಮವರಿಗೆ ಫೋನ್ ಹಚ್ಚಿದೆ.

“ರೀ, ಕಪಾಟಿನಾಗಿನ ಕಟ್ಟು ಎಲ್ಲಿ?”

“ಉಡುಪಿ ಅಕ್ಕಾರಿಗೆ ಕೊಟ್ಟೆ. ಎರಡೂ.”

“ಎರಡನೇದು ಊರಿಗೆ ಕಳಿಸೋದಲ್ರೀ!”

“ಮತ್ತ ಪೇಪರ್ ಸುತ್ತಿ, ಟೇಪ್ ಹಚ್ಚಿ, ಅದರ ಬಾಜೂಕ್ಕ ಇಟ್ರ ನನಗೇನು ಕನಸು ಬೀಳ್ತದ?”

ಅವರದೇನೂ ತಪ್ಪಿರಲಿಲ್ಲ. ಉಡುಪಿ ಅಕ್ಕನ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ. ಕೆಳಗಿಳಿದು ಟ್ಯಾಕ್ಸಿ ಹಿಡಿದೆ. ವಿಮಾನ ನಿಲ್ದಾಣಕ್ಕೆ ಕಾಲು ತಾಸು. ಅಷ್ಟರಲ್ಲಿ ಏನೇನೋ ಕಂಡವು. ಸ್ಕ್ಯಾನರಿನಲ್ಲಿ ಚೌಕಾಕಾರದ ಕಪ್ಪು ವಸ್ತು, ತೆರೆಸಿದ ಪೆಟ್ಟಿಗೆ, ಏನೂ ಅರಿಯದ ಉಡುಪಿ ಅಕ್ಕ ಕುರ್ಚಿಯ ಮೇಲೆ ಅಳುತ್ತಾ ಕೂತಿರುವುದು, ಸಹಮ್‌ನ ಯಾವುದೋ ಅಂಗಡಿಯ ಮುಂದೆ ನಿಂತ ಗಾಡಿ.

ಒಳಗೆ ಓಡಿದರೆ, ತೂಕದ ಯಂತ್ರದ ಮುಂದೆ ನೆಲದ ಮೇಲೆ ಉಡುಪಿ ಅಕ್ಕನ ಸೂಟ್‌ಕೇಸು ಬಾಯಿ ತೆರೆದು ಬಿದ್ದಿತ್ತು. ತೂಕ ಹೆಚ್ಚಾಗಿ, ಏನು ತೆಗೆಯುವುದೆಂದು ಅವರು ಒಂದೊಂದೇ ಕಟ್ಟು ಕೈಯಲ್ಲಿ ತೂಗಿ ನೋಡುತ್ತಿದ್ದರು. ನೀಲಿ ನೋಟ್‌ಬುಕ್ಕು ಪೇಪರು ಹರಿಸಿಕೊಂಡು ಅವರ ತೊಡೆಯ ಮೇಲೆ ಕೂತಿತ್ತು. ಎರಡು ಮಾರು ಆಚೆ ಒಬ್ಬ ಪೊಲೀಸ್ ನಿಂತಿದ್ದ.

“ಎಂತ ಮಾರಾಯ್ತಿ, ನೀನು ಇಲ್ಲಿ?” ಎಂದರು ಅಕ್ಕ. “ನಿಮ್ಮ ಯಜಮಾನ್ರು ಕೊಟ್ಟದ್ದು ಎರಡು ಕಟ್ಟು. ಇದು ಕಲ್ಲಿನ ಹಾಗೆ ಭಾರ ಉಂಟು. ಎಂತ ಅಂತ ನೋಡದೆ ನಾನು ಹಾಕುವುದಿಲ್ಲ, ಸಿಕ್ಕಿಬಿದ್ರೆ ಜೈಲಿಗೆ ಹೋಗುವುದು ನಾನಲ್ವಾ? ಬುಕ್ಕಿಗೆಲ್ಲ ಎಂತಕ್ಕೆ ತೂಕ ದಂಡ ಮಾಡುವುದು, ನೀನೇ ತಕೊಂಡು ಹೋಗು.”

ನಾನು ಕೈ ಚಾಚಿದೆ. ಅಷ್ಟರಲ್ಲಿ ಪೊಲೀಸ್ ಹತ್ತಿರ ಬಂದ. ನಾನು ಓಡಿಬಂದದ್ದನ್ನು ಅವನು ನೋಡಿದ್ದ.

“ಕ್ಯಾ ಹೈ ಯೇ?” ಎನ್ನುತ್ತಾ ನೋಟ್‌ಬುಕ್ಕು ಇಸಿದುಕೊಂಡ. ಪುಟ ತಿರುವಿದ. ಫ್ರೆಂಚ್ ಅವನಿಗೆ ಬಾರದು, ಸರಿ. ಅರಬ್ಬಿ ಬರುತ್ತದಲ್ಲ. ಅವನ ಬೆರಳು ಕೊನೆಯ ಪುಟದಲ್ಲಿ ನಿಂತಿತು. “ರುಸ್ತಾಕ್... ಸಹಮ್,” ಎಂದು ಮೆಲ್ಲಗೆ ಓದಿದ. “ಸಹಮ್‌ನಲ್ಲಿ ನಿನಗೆ ಯಾರು?” ಎಂದು ಹಿಂದಿಯಲ್ಲೇ ಕೇಳಿದ.

ಸುಳ್ಳು ಹೇಳಲೂ ಸ್ವಲ್ಪ ಧೈರ್ಯ ಬೇಕು. ನನ್ನ ಬಾಯಿಂದ ನಿಜವೇ ಜಾರಿತು: “ಟೈಲರ್ ಹೈ, ಸರ್.”

ಅವನು ಇನ್ನೆರಡು ಪುಟ ತಿರುವಿದ. ಒಂದೊಂದು ಪುಟಕ್ಕೆ ಒಬ್ಬೊಬ್ಬ ಹೆಂಗಸಿನ ಹೆಸರು, ಕೆಳಗೆ ಏನೋ ಅಂಕಿಗಳು. “ಅಳತೆ ಪುಸ್ತಕವಾ?” ಎಂದ. ನಾನು ತಲೆಯಾಡಿಸಿದೆ. “ನನ್ನ ತಾಯಿಯ ಊರು ಸಹಮ್. ಒಳ್ಳೆ ಟೈಲರ್‌ಗಳಿದ್ದಾರೆ. ಖಲಾಸ್, ಯಲ್ಲಾ,” ಎಂದು, ಆಯಿತು ಹೊರಡು ಎನ್ನುವಂತೆ ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು ಹೋದ.

ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಮನೆಗೆ ಬಂದವಳು ತೀರ್ಮಾನ ಮಾಡಿಯೇ ಬಂದಿದ್ದೆ: ಆ ಪುಟ ಇರಕೂಡದು. ಬ್ಲೇಡು ತಂದೆ. ಹಾಳೆ ಕತ್ತರಿಸಿದ್ದು ತಿಳಿಯದ ಹಾಗೆ ಹೊಲಿಗೆಯ ಬುಡದಲ್ಲಿ ಕೊಯ್ಯುವುದು ನನಗೆ ಗೊತ್ತು. ನೋಟ್‌ಬುಕ್ಕು ಬಿಚ್ಚಿ ಬೆಳಕಿಗೆ ಹಿಡಿದೆ. ಆಗ ಕಂಡದ್ದು ಇಷ್ಟು: ದಾರದ ಹೊಲಿಗೆಯ ಪುಸ್ತಕದಲ್ಲಿ ಒಂದು ಹಾಳೆ ಎಂದರೆ ಮಡಿಸಿದ ದೊಡ್ಡ ಹಾಳೆಯ ಅರ್ಧ. ಅದನ್ನು ಕೊಯ್ದರೆ ಇನ್ನರ್ಧ ಹಿಡಿತ ತಪ್ಪಿ ಇವತ್ತಲ್ಲ ನಾಳೆ ಉದುರುತ್ತದೆ. ಹದಿನಾಲ್ಕನೆಯವಳ ಹಾಳೆಯ ಇನ್ನರ್ಧದ ಮೇಲೆ ಒಂಬತ್ತನೆಯವಳಿದ್ದಳು. ಯಾವುದೋ ದ್ವೀಪದ ಹುಡುಗಿ, ಮನೆ ತಲುಪಿದವಳು. ಒಬ್ಬಳನ್ನು ತೆಗೆದರೆ ಇನ್ನೊಬ್ಬಳೂ ಹೋಗುತ್ತಾಳೆ.

ಬ್ಲೇಡು ಕೆಳಗಿಟ್ಟೆ. ಇಡಬೇಕೆನ್ನುವವರು ಮೇಡಂ, ತೆಗೆಯಬೇಕೆನ್ನುವವಳು ನಾನು. ಇಬ್ಬರೂ ಬೇರೊಬ್ಬಳ ಬಾಳನ್ನು ಕೈಯಲ್ಲಿ ಹಿಡಿದು ಜಗ್ಗಾಡುತ್ತಿದ್ದೆವು. ಸಂಜೆ ಮೇಡಂ ಮನೆಗೆ ಹೋಗಿ ವಿಮಾನ ನಿಲ್ದಾಣದ ಕಥೆಯನ್ನೆಲ್ಲ ಒಪ್ಪಿಸಿದೆ. ಬ್ಲೇಡಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಬೈಯಲಿಲ್ಲ.

“ಮೇಡಂ, ಹೆಸರು ಬರೆಯಬಹುದಾ ಅಂತ ನೀವು ಅವಳನ್ನು ಕೇಳಿದ್ದಿರಾ?”

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಇಲ್ಲ,” ಎಂದರು. “ಹೆಂಗಸರನ್ನು ಯಾರೂ ಕೇಳುವುದಿಲ್ಲ ಎಂದು ಆರು ಪುಸ್ತಕ ಬರೆದೆ. ನಾನೂ ಕೇಳಲಿಲ್ಲ.” ನಂತರ, “ಸಹಮ್‌ಗೆ ಹೋಗೋಣ. ನೀನು ಅವಳ ಭಾಷೆಯಲ್ಲಿ ಕೇಳು,” ಎಂದರು.

ಆ ಶನಿವಾರ ನಮ್ಮವರು ಕಾರು ಹೊರಡಿಸಿದರು. ಎರಡು ತಾಸಿನ ದಾರಿಯಲ್ಲಿ ನಾನು ಹಿಂದಿನ ಕನ್ನಡಿಯನ್ನೇ ನೋಡುತ್ತಿದ್ದೆ. ಒಂದು ಬಿಳಿ ಕಾರು ಬರ್ಕಾದಿಂದ ನಮ್ಮ ಹಿಂದೆಯೇ ಇದೆ ಎಂದು ಎರಡು ಸಲ ಹೇಳಿದೆ. “ಹಿಂದ ಬರೋ ಕಾರು ಹಿಂದಿನಿಂದನ ಬರ್ತದ, ಸುಮ್ಮನ ಕೂಡು,” ಎಂದರು ನಮ್ಮವರು. ನೋಟ್‌ಬುಕ್ಕು ಮೇಡಂ ಕೈಚೀಲದಲ್ಲಿ, ಹೊಲಿಸಬೇಕಾದ ಬಟ್ಟೆಯ ಕೆಳಗಿತ್ತು.

ಹೆಂಗಸರ ಟೈಲರ್ ಅಂಗಡಿಗಳ ಬಾಗಿಲಿಗೆ ದಪ್ಪ ಪರದೆ ಇರುತ್ತದೆ, ಗಂಡಸರು ಒಳಗೆ ಬರುವಂತಿಲ್ಲ. ನಮ್ಮವರು ಕಾರಿನಲ್ಲೇ ಉಳಿದರು. ಒಳಗೆ ಎರಡು ಮಷೀನು, ಒಂದರ ಮುಂದೆ ಮೂವತ್ತೆಂಟು, ನಲವತ್ತರ ಹೆಂಗಸು. ಬೇರೆ ಯಾರೂ ಇರಲಿಲ್ಲ. ಮೇಡಂ ಅವರನ್ನು ಕಂಡವಳೇ ಅವಳು ಕೈಯಲ್ಲಿದ್ದ ಸುಣ್ಣದ ಬಳಪ ಬಿಟ್ಟು ಎದ್ದಳು. “ಅಮ್ಮಾ,” ಎಂದು ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ನಾನು ಕನ್ನಡದಲ್ಲಿ ಮಾತು ಶುರುಮಾಡಿದಾಗ ಅವಳು ಬೆಚ್ಚಿ ಪರದೆಯ ಕಡೆ ನೋಡಿದಳು. ಅದು ನನ್ನದೇ ನೋಟ. ಗೇಟು ತೆಗೆಯುವಾಗ ನಾನು ನೋಡುವ ನೋಟ.

“ಅಂಜಬ್ಯಾಡ ತಂಗಿ. ನಾ ಗದಗಿನಾಕಿ. ಅಮ್ಮಾರು ಊರಿಗೆ ಹೊಂಟಾರ. ಅವರ ಬುಕ್ಕಿನ್ಯಾಗ ನಿನ್ನ ಹೆಸರು ಅದ. ಅದು ಫ್ರಾನ್ಸಿನ ಲೈಬ್ರರಿಗೆ ಹೋಗ್ತದ. ನೀ ಬ್ಯಾಡಂದ್ರ ಮಸಿ ಬಳದು ಮುಚ್ಚಿಬಿಡ್ತೀವಿ. ಅದನ್ನ ಕೇಳಾಕ ಬಂದೀವಿ.”

“ನನ್ನ ಬಗ್ಗೆ ಏನು ಬರದಾರ, ಓದ್ರಿ ಅಕ್ಕಾರ.”

ಮೇಡಂ ಸಾಲುಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಹೇಳಿದೆ. ಲಕ್ಷ್ಮಿ, ಗಂಗಾವತಿ ಕಡೆಯವಳು. ಎಡಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಸುಟ್ಟ ಗಾಯ. ಊರಲ್ಲಿ ಒಬ್ಬಳು ಸಣ್ಣ ಮಗಳು. ಮೊದಲ ದಿನ ಏನೂ ತಿನ್ನಲಿಲ್ಲ, ಎರಡನೆಯ ದಿನ ಅನ್ನ ಮೊಸರು ಉಂಡಳು. ಅವಳು ಹೊಲಿಗೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು.

“ಎಲ್ಲಾ ಖರೆ ಅದ ಅಕ್ಕಾರ. ಹೆಸರೊಂದು ಬಿಟ್ಟು.”

“ಅಂದ್ರ?”

“ಲಕ್ಷ್ಮಿ ಅಂದ್ರ ನನಗಿಂತ ಮೊದಲ ಆ ಮನ್ಯಾಗ ಇದ್ದಾಕಿ. ನಾ ಹೋದ ದಿನಾನ ಮನಿ ಯಜಮಾನಿ ಅಂದ್ಳು, ಹೊಸಾ ಹೆಸರು ಯಾರು ನೆನಪಿಡ್ತಾರ, ನೀನೂ ಲಕ್ಷ್ಮಿನ ಅಂತ. ಎರಡು ವರ್ಷ ಅದಕ್ಕ ಓ ಅಂದೆ. ಅಮ್ಮಾರು ಕೇಳಿದಾಗ ಬಾಯಾಗ ಅದ ಬಂತು. ಆಮ್ಯಾಲ ಹೇಳಾಕ ಅಂಜಿಕಿ. ಸುಳ್ಳು ಹೇಳ್ಯಾಳ ಅಂತ ಹೊರಗ ಹಾಕಿದ್ರ ಎಲ್ಲಿ ಹೋಗ್ಲಿ?”

“ಏನಂದಳು?” ಎಂದರು ಮೇಡಂ.

ಹೆಸರು ಸುಳ್ಳು ಎಂದರೆ ಅಪಾಯವೂ ಅರ್ಧ ಹೋದಂತೆ. ಪುಟ ಇದ್ದಂತೆಯೇ ಹೋಗಲಿ, ಯಾರೂ ಇವಳನ್ನು ಹಿಡಿಯಲಾರರು. ‘ಎಲ್ಲ ಸರಿಯಿದೆಯಂತೆ’ ಎಂದು ಒಂದು ಮಾತು ಹೇಳಿದ್ದರೆ ನನ್ನ ಇಷ್ಟು ದಿನದ ಜೀವಭಯ ಅಲ್ಲಿಗೆ ಮುಗಿಯುತ್ತಿತ್ತು. ಮೇಡಂ ಕೂಡ ನೆಮ್ಮದಿಯಿಂದ ವಿಮಾನ ಹತ್ತುತ್ತಿದ್ದರು.

“ತಂಗಿ, ಹಂಗಾದ್ರ ಛಲೋನ ಆತು,” ಎಂದು ಅವಳಿಗೇ ಹೇಳಿದೆ. “ಲಕ್ಷ್ಮಿ ಅಂತನ ಇರ್ಲಿ. ನಿನ್ನ ತಂಟಿಗೆ ಯಾರೂ ಬರಂಗಿಲ್ಲ.”

ಅವಳು ಟೇಪು ಸುತ್ತುವುದನ್ನು ನಿಲ್ಲಿಸಿದಳು. “ಮತ್ತ ಈ ಬುಕ್ಕಿನ್ಯಾಗ ನಾ ಎಲ್ಲಿ ಅದೀನಿ ಅಕ್ಕಾರ?”

ಮೇಡಂ ಕಡೆ ತಿರುಗಿ ಒಂದೂ ಮಾತು ಬಿಡದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತರು. ತಾಯಿಯ ಲಕೋಟೆಗಳನ್ನು ನಗುತ್ತಾ ತೋರಿಸಿದ್ದ ಆ ಮುಖದಲ್ಲಿ ಈಗ ನಗುವಿರಲಿಲ್ಲ.

“ಆ ಯಜಮಾನಿ ಇಟ್ಟ ಹೆಸರನ್ನು ಒಂಬತ್ತು ವರ್ಷ ನಾನು ಕಾಪಾಡಿದೆ,” ಎಂದರು. “ಕ್ಷಮಿಸು ಎಂದು ಹೇಳು.” ಹೇಳಿದೆ.

ಚೀಲದಿಂದ ಗ್ರಂಥಾಲಯದ ಅರ್ಜಿ ತೆಗೆದರು. ಅದರಲ್ಲಿ ಒಂದು ಕಲಮಿತ್ತು. ಯಾವುದೇ ಕಾಗದವನ್ನು ಹತ್ತು, ಇಪ್ಪತ್ತು ಅಥವಾ ಮೂವತ್ತು ವರ್ಷ ಯಾರಿಗೂ ತೋರಿಸದೆ ಮೊಹರು ಮಾಡಿಡಬಹುದು. ಆ ಕಲಮನ್ನು ನಾನು ಮೊದಲ ವಾರವೇ ಓದಿದ್ದೆ. ಮೇಡಂ 'ಬೇಕಿಲ್ಲ' ಎಂದು ಗೆರೆ ಎಳೆಸಿದ್ದರು. ಈಗ ಅದನ್ನು ಕನ್ನಡದಲ್ಲಿ ವಿವರಿಸಿದೆ.

“ಮೂವತ್ತು ಹಾಕ್ರಿ,” ಎಂದಳು ಅವಳು. “ನನ್ನ ಮಗಳಿಗೆ ಈಗ ಹದಿನಾಲ್ಕು. ಅವ್ವ ಆಫೀಸಿನ್ಯಾಗ ಅದಾಳ ಅಂತ ತಿಳ್ಕೊಂಡದ ಅದು. ಮೂವತ್ತು ವರ್ಷಕ್ಕ ನಲವತ್ತನಾಲ್ಕಾಗಿರ್ತದ. ಈಗ ನನಗೆಷ್ಟದನೋ ಅದಕ್ಕಿಂತ ದೊಡ್ಡಾಕಿ ಆಗಿರ್ತಾಳ. ಆವಾಗ ಓದಿದ್ರ ಆಕಿಗೆ ತಿಳೀತದ.”

ಮೇಡಂ ಪೆನ್ನು ತೆಗೆದು ನನ್ನ ಕಡೆ ಚಾಚಿದರು, ಏನನ್ನೋ ಯೋಚಿಸಿ ಅವಳ ಕೈಗೆ ಕೊಟ್ಟರು. ಅವಳು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಲಕ್ಷ್ಮಿ ಎಂಬುದರ ಮೇಲೆ ಒಂದೇ ಗೆರೆ ಎಳೆ, ಅಳಿಸಬೇಡ, ಹಿಂದಿನದು ಕಾಣುತ್ತಿರಬೇಕು ಎಂದು ನಾನು ಹೇಳಿಕೊಟ್ಟೆ. ಅವಳು ಗೆರೆ ಎಳೆದಳು. ಮಷೀನಿನ ಹಲಗೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು, ಆ ಫ್ರೆಂಚ್ ಸಾಲುಗಳ ಮೇಲೆ ದಪ್ಪ ದಪ್ಪ ಕನ್ನಡ ಅಕ್ಷರಗಳಲ್ಲಿ ತನ್ನ ಹೆಸರು ಬರೆದಳು. ಹೊರಗೆ ಯಾವುದೋ ಗಾಡಿ ನಿಂತ ಸದ್ದಾಯಿತು. ನಾವು ಮೂವರೂ ಪರದೆಯ ಕಡೆ ನೋಡಿದೆವು. ಅದು ಮುಂದೆ ಹೋಯಿತು. ಅವಳು ಒತ್ತಕ್ಷರ ಪೂರ್ತಿ ಮಾಡಿ ಪೆನ್ನು ವಾಪಸ್ ಕೊಟ್ಟಳು.

ಮೊಹರು ಮಾಡಿದ ಲಕೋಟೆಯಲ್ಲಿ ನೋಟ್‌ಬುಕ್ಕು ಮೇಡಂ ಜೊತೆ, ಅವರ ಕೈಚೀಲದಲ್ಲೇ ಹೋಯಿತು. ಉಳಿದ ಮೂವತ್ತೊಂದು ಪೆಟ್ಟಿಗೆ ಹಡಗಿನಲ್ಲಿ ಹೋದವು. ಲಕೋಟೆ ಗ್ರಂಥಾಲಯ ತಲುಪಿದ ರಸೀದಿ ಬರುವವರೆಗೆ ಬಾಗಿಲು ಬಡಿದಾಗಲೆಲ್ಲ ನಾನು ನಡುಗಿದೆ. ಮುಂದೆ ಕೆಲವು ವರ್ಷಗಳ ನಂತರ, ಕಾಗದವಿಲ್ಲದವರು ದಂಡವಿಲ್ಲದೆ ಊರಿಗೆ ಹೋಗಬಹುದೆಂದು ಸರ್ಕಾರ ಅವಕಾಶ ಕೊಟ್ಟಾಗ ಅವಳೂ ಹೋದಳು. ಗಂಗಾವತಿಯಿಂದ ಫೋನು ಮಾಡಿ, ಮಗಳು ಪಕ್ಕದಲ್ಲಿದ್ದಾಳೆ, ಹೆಚ್ಚು ಮಾತಾಡಲಾರೆ ಎಂದಳು. ಇಷ್ಟನ್ನಾದರೂ ಬರೆಯುವ ಧೈರ್ಯ ನನಗೆ ಬಂದದ್ದು ಆ ಮೇಲೆಯೇ. ಅವಳು ಬರೆದ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವಳ ಮಗಳಿಗೆ ಇನ್ನೂ ನಲವತ್ತನಾಲ್ಕು ತುಂಬಿಲ್ಲ.